ಚೂಡಾಮಣಿಯ ಏಕವಚನ

ಚೂಡಾಮಣಿ ಸ್ಪ್ಯಾನಿಷ್ ಕಲಿಯಲೆಂದು ಮನೆಯಿಂದ ಹೊರಟವಳಲ್ಲ, ಹೊರಟದ್ದು ಯೋಗಕ್ಕೆ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಹಿಂದಿನ ರಸ್ತೆಯಲ್ಲಿ, ಸೀರೆಗೆ ಫಾಲ್ ಹಾಕಿಕೊಡುವ ಅಂಗಡಿಯ ಮೇಲಿನ ಮಹಡಿಯಲ್ಲಿ, ವಯಸ್ಸಾದವರಿಗೆ ಯೋಗ ಹೇಳಿಕೊಡುತ್ತಾರೆಂದು ಕೇಳಿದ್ದಳು. ಮೆಟ್ಟಿಲು ಹತ್ತಿ ಹೋಗಿ ವಿಚಾರಿಸಿದರೆ ಜಾಗ ಭರ್ತಿಯಾಗಿತ್ತು. ಪಕ್ಕದ ಕೋಣೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ಹುಡುಗಿ ತಲೆಯೆತ್ತಿ ನೋಡಿದಳು.

"ಯೋಗ ಫುಲ್ಲಾ ಮೇಡಂ? ಇಲ್ಲಿ ಬನ್ನಿ, ಸ್ಪ್ಯಾನಿಷ್ ಖಾಲಿ ಇದೆ. ಇಲ್ಲೂ ಅದೇ, ಉಸಿರು ಬಿಗಿಹಿಡಿದು ನಾಲಿಗೆ ತಿರುಗ್ಸೋದು."

ಚೂಡಾಮಣಿಗೆ ನಗು ಬಂತು. ನಕ್ಕ ಮೇಲೆ ಆ ಸದ್ದು ತನ್ನ ಕಿವಿಗೇ ಹೊಸದಾಗಿ ಕೇಳಿಸಿ, ಹಿಂದಿರುಗಬೇಕಾದವಳು ಅಲ್ಲೇ ನಿಂತಳು. ಆ ಹುಡುಗಿಯೇ ಟೀಚರು, ಹೆಸರು ಶರ್ವಾಣಿ. ಸ್ಪೇನಿನಲ್ಲಿ ಒಂದು ವರ್ಷ ಓದಿ ಬಂದವಳು. ಮುಂದಿನ ಸೋಮವಾರದಿಂದ ಚೂಡಾಮಣಿ ಅವಳ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಳು. ಬದುಕಿನಲ್ಲಿ ಬೋರ್ಡಿನ ಕಡೆ ಬೆನ್ನು ಹಾಕಿಯೇ ಹೆಚ್ಚು ನಿಂತಿದ್ದವಳಿಗೆ ಬೋರ್ಡನ್ನು ನೋಡುತ್ತ ಕೂರುವುದು ಮೊದಮೊದಲು ಮುಜುಗರವಾಯಿತು.

ಅವಳು ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ವ್ಯಾಕರಣ ಕಲಿಸಿ ನಿವೃತ್ತಳಾದವಳು. ತ್ಯಾಗರಾಜನಗರದಲ್ಲಿ ಬೋರಣ್ಣನವರ ಮನೆಯ ಮೇಲಿನ ಭಾಗದಲ್ಲಿ ಬಾಡಿಗೆಗಿದ್ದಳು. ಜೊತೆಗೆ ಅಕ್ಕ ಗಿರಿಜಾದೇವಿ ಇದ್ದಳು. ಅಕ್ಕ ವಿಮಾ ಕಚೇರಿಗೆ, ತಂಗಿ ಸ್ಕೂಲಿಗೆ, ಸಂಜೆ ಇಬ್ಬರೂ ಒಂದೇ ಸೊಪ್ಪಿನ ಕಟ್ಟಿನ ಎರಡು ಬದಿ. ಮೊದಲು ಅಕ್ಕನ ಮದುವೆ ಆಗಲಿ ಎಂದು ಮನೆಯವರು ಕಾದರು. ಅದು ಆಗಲಿಲ್ಲ. ಆಮೇಲೆ ತಂಗಿಯದಾಗಲಿ ಎಂದು ಕಾಯುವವರು ಒಬ್ಬೊಬ್ಬರಾಗಿ ಇಲ್ಲವಾದರು. ಅಕ್ಕತಂಗಿಯರು ಅದರ ಬಗ್ಗೆ ಹೆಚ್ಚು ಮಾತಾಡಿಕೊಂಡವರಲ್ಲ. ಹೋದ ವರ್ಷ ಕಾರ್ತೀಕದಲ್ಲಿ ಗಿರಿಜಾದೇವಿಯೂ ತೀರಿಕೊಂಡಳು. ಆಗಿನಿಂದ ಮನೆಯಲ್ಲಿ ಕುಕ್ಕರು ಕೂಗಿದರೂ ಚೂಡಾಮಣಿ ಬೆಚ್ಚುತ್ತಿದ್ದಳು.

ಭಾಷೆ ತನಗೆ ಸುಲಭವಾಗುತ್ತದೆಂದು ಅವಳು ನಂಬಿದ್ದಳು. ಪುಸ್ತಕ ಇಂಗ್ಲಿಷಿನಲ್ಲಿತ್ತು, ಇಂಗ್ಲಿಷ್ ಅವಳ ಅನ್ನದ ಭಾಷೆ. ಆದರೆ ಮೂರನೇ ಪಾಠದಲ್ಲೇ ಎಡವಿದಳು. 'ನಾನು ಕಾಫಿಯನ್ನು ಇಷ್ಟಪಡುತ್ತೇನೆ' ಎಂದು ಇಂಗ್ಲಿಷಿನವರಂತೆ ಯೋಚಿಸಿ 'ಯೋ ಗುಸ್ತೋ ಕಫೆ' ಎಂದು ಬರೆದಳು. ಶರ್ವಾಣಿ ಅಡ್ಡಗೆರೆ ಎಳೆದಳು. ಸ್ಪ್ಯಾನಿಷಿನಲ್ಲಿ ಕಾಫಿಯೇ ಕರ್ತೃ, ನಾನು ಎಲ್ಲೋ ಮೂಲೆಯಲ್ಲಿ.

"ಇದೇನ್ ಮೇಡಂ, ಉಲ್ಟಾ!" ಎಂದ ಮುಂದಿನ ಬೆಂಚಿನ ಮನೋಜ್. ಬಿಟಿಎಂ ಲೇಔಟಿನಲ್ಲಿ ಜಿಮ್ ಇಟ್ಟುಕೊಂಡಿದ್ದವನು. "ಕಾಫಿ ನನ್ನನ್ನ ಲೈಕ್ ಮಾಡ್ತಾ ಇದ್ಯಾ? ಅಷ್ಟೊಂದು ಸ್ಮಾರ್ಟಾಗಿದೀನಾ ನಾನು?"

ಅವತ್ತು ಮನೆಗೆ ಹೋಗುವಾಗ ಚೂಡಾಮಣಿ ಸೌತ್ ಎಂಡ್ ಹತ್ತಿರದ ದರ್ಶಿನಿಯಲ್ಲಿ ಒಂದು ಇಡ್ಲಿ ತಿನ್ನಲು ನಿಂತಳು. ಪಕ್ಕದಲ್ಲಿ ತಟ್ಟೆ ಹಿಡಿದವರೊಬ್ಬರು ಜೊತೆಗಾರನಿಗೆ, "ಬೇಡಪ್ಪ, ನಂಗೆ ಕಾಫಿ ಸೇರಲ್ಲ" ಎಂದರು. ಚೂಡಾಮಣಿಯ ಕೈಯಲ್ಲಿನ ಇಡ್ಲಿ ಚೂರು ಚಟ್ನಿಯಲ್ಲೇ ಉಳಿಯಿತು. ನಂಗೆ. ಕಾಫಿ ಸೇರುವುದಿಲ್ಲ. ಸೇರುವುದು, ಬಿಡುವುದು ಕಾಫಿಯ ಕೆಲಸ, ನನ್ನದಲ್ಲ. ನನಗೆ ಹಸಿವು, ನನಗೆ ಚಳಿ, ನನಗೆ ನೆಗಡಿ, ನನಗೆ ಬೇಜಾರು. ಎಲ್ಲವೂ ಎಲ್ಲಿಂದಲೋ ಬಂದು ನಮಗೆ ಆಗುವಂಥವು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆದ ಮಕ್ಕಳ ಇಂಥ ವಾಕ್ಯಗಳನ್ನೇ ಅವಳು ವರ್ಷಗಟ್ಟಲೆ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದು. ಈಗ ಇನ್ನೊಂದು ಭಾಷೆ ಕೂತು ಅದನ್ನೇ ಕೇಳುತ್ತಿತ್ತು.

ಮರುದಿನ ತರಗತಿಯಲ್ಲಿ ಚೂಡಾಮಣಿ ಮನೋಜ್‌ಗೆ, "ಇಂಗ್ಲಿಷ್ ಬಿಟ್ಟುಬಿಡಿ, ನಂಗೆ ಅಂತ ಶುರು ಮಾಡಿ" ಎಂದಳು. ಮನೋಜ್ ಒಂದರ ಹಿಂದೊಂದು ಐದಾರು ವಾಕ್ಯ ತಪ್ಪಿಲ್ಲದೆ ಹೇಳಿಬಿಟ್ಟ. "ಸಖತ್ ಮೇಡಂ, ಇದು ನಮ್ಮದೇ ಭಾಷೆ!" ಎಂದ. ಶರ್ವಾಣಿ ಚಪ್ಪಾಳೆ ತಟ್ಟಿದಳು. ಅಂದಿನಿಂದ ಚೂಡಾಮಣಿ ಪುಸ್ತಕದ ಇಂಗ್ಲಿಷನ್ನು ಅಷ್ಟಾಗಿ ನೆಚ್ಚಲಿಲ್ಲ. ತೊಡಕು ಬಂದಲ್ಲೆಲ್ಲ ಕನ್ನಡದ ಕೈ ಹಿಡಿದು ದಾಟಿದಳು.

ಹಾಗಾಗಿ 'ನೀನು' ಮತ್ತು 'ನೀವು' ಪಾಠ ಬಂದಾಗ ಅವಳಿಗೆ ಕಷ್ಟವೇ ಅನ್ನಿಸಲಿಲ್ಲ. ಇಂಗ್ಲಿಷಿಗೆ ಎರಡಕ್ಕೂ 'ಯೂ' ಒಂದೇ. ಸ್ಪ್ಯಾನಿಷಿಗೆ ನಮ್ಮಂತೆ ಎರಡು: ಸಲುಗೆಗೆ 'ತೂ', ಗೌರವಕ್ಕೆ 'ಉಸ್ತೆದ್'. ನಿಮ್ಮನ್ನು ಯಾರು 'ತೂ' ಅನ್ನುತ್ತಾರೆ, ಒಬ್ಬೊಬ್ಬರಾಗಿ ಹೇಳಿ ಎಂದಳು ಶರ್ವಾಣಿ. ಒಬ್ಬಾಕೆ ಅಮ್ಮ ಎಂದಳು. ಮನೋಜ್, "ಹೆಂಡ್ತಿ, ಅದೂ ಒಳ್ಳೆ ಮೂಡಲ್ಲಿದ್ರೆ. ಕೋಪ ಬಂದ್ರೆ ನೀವು ಅಂತಾಳೆ, ಮೈ ನಡುಗುತ್ತೆ" ಎಂದ. ಚೂಡಾಮಣಿಯ ಸರದಿ ಬಂತು.

"ಮಿ ಎರ್ಮಾನಾ ಮೆ ದೀಸೆ ತೂ," ಎಂದಳು. ನನ್ನ ಅಕ್ಕ ನನ್ನನ್ನು ನೀನು ಅನ್ನುತ್ತಾಳೆ.

ಭೂತಕಾಲ ಇನ್ನೂ ಕಲಿತಿರಲಿಲ್ಲ. ಕೈಯಲ್ಲಿದ್ದದ್ದು ವರ್ತಮಾನ ಒಂದೇ. "ಮುಯ್ ಬ್ಯೆನ್," ತುಂಬಾ ಚೆನ್ನಾಗಿ ಹೇಳಿದಿರಿ ಎಂದು ಶರ್ವಾಣಿ ಮುಂದಿನವರ ಕಡೆ ತಿರುಗಿದಳು.

ಆ ದಿನ ಅವಳು ನಡೆದೇ ಮನೆಗೆ ಹೋದಳು. ರಸ್ತೆಯ ಮರಗಳು ಹಳದಿ ಹೂವು ಉದುರಿಸಿದ್ದವು. ನಡೆಯುತ್ತ ನಡೆಯುತ್ತ ಅವಳಿಗೆ ಹೊಳೆಯಿತು: ತನ್ನನ್ನು ಏಕವಚನದಲ್ಲಿ ಮಾತಾಡಿಸುವವರು ಈಗ ಯಾರೂ ಇಲ್ಲ. ಓನರ್ ಮನೆಯವರು ಮೇಡಮ್ಮಾರೇ ಎನ್ನುತ್ತಾರೆ. ಹಾಲಿನವನು, ಔಷಧಿ ಅಂಗಡಿಯವನು, ಆಟೋದವನು, ಎಲ್ಲರೂ ಬನ್ನಿ, ಹೋಗಿ, ಹೇಳಿ. ಹಳೆಯ ಸಹೋದ್ಯೋಗಿಗಳು ಕೊನೆಯವರೆಗೂ ನೀವು. ಬನಶಂಕರಿಯಲ್ಲಿರುವ ಚಿಕ್ಕಪ್ಪನ ಮಗ ಅನಂತಪದ್ಮನಾಭ ವಯಸ್ಸಿನಲ್ಲಿ ಚಿಕ್ಕವನಾದರೂ ನೀನು ಅನ್ನಬಹುದಿತ್ತು; ಹೈಸ್ಕೂಲಿನಲ್ಲಿ ಅವಳ ಹತ್ತಿರ ಟ್ಯೂಷನ್ನಿಗೆ ಬಂದು ಬೈಸಿಕೊಂಡವನು, ಅಂದು ಹಿಡಿದ ನೀವುವನ್ನು ತಲೆ ನರೆತರೂ ಬಿಟ್ಟಿರಲಿಲ್ಲ. ದೇವರನ್ನು ಅವಳು ನೀನು ಅನ್ನುತ್ತಿದ್ದಳು. ದೇವರು ಏನನ್ನುತ್ತಾನೋ ಕೇಳಿಸಿರಲಿಲ್ಲ. ಎಲ್ಲರೂ ಮರ್ಯಾದೆ ಕೊಡುತ್ತಿದ್ದರು. ಅಷ್ಟು ಮರ್ಯಾದೆಯ ನಡುವೆ ಅವಳಿಗೆ ಚಳಿಯಾಯಿತು.

ಭೂತಕಾಲ ಕಲಿಯುವ ಹೊತ್ತಿಗೆ ಶರ್ವಾಣಿ ಒಬ್ಬೊಬ್ಬರಿಗೂ ಮಾತಿನ ಜೊತೆಗಾರರನ್ನು ಹುಡುಕಿಕೊಟ್ಟಳು. ಅವರು ಸ್ಪ್ಯಾನಿಷ್ ಆಡಬೇಕು, ಇವರು ಇಂಗ್ಲಿಷ್ ಕಲಿಸಬೇಕು. ಚೂಡಾಮಣಿಗೆ ಸಿಕ್ಕಿದವಳು ಕೊಲಂಬಿಯಾ ದೇಶದ ರೊಸಾಲ್ಬಾ. ಬೆಟ್ಟದ ಮೇಲಿನ ಒಂದು ಚಿಕ್ಕ ಊರಿನಲ್ಲಿ ಉಣ್ಣೆಯ ಹೊದಿಕೆ ಮಾರುವ ಅಂಗಡಿ ಅವಳದು. ಕೊಳ್ಳಲು ಬರುವ ವಿದೇಶಿಯರ ಹತ್ತಿರ ನಾಲ್ಕು ಮಾತಾಡುವಷ್ಟು ಇಂಗ್ಲಿಷ್ ಬೇಕಿತ್ತು. ಪ್ರತಿ ಗುರುವಾರ, ಇಲ್ಲಿ ದೀಪ ಹಚ್ಚುವ ಹೊತ್ತು, ಅಲ್ಲಿ ಅಂಗಡಿಯ ಬಾಗಿಲು ತೆಗೆಯುವ ಹೊತ್ತು. ಫೋನಿನಲ್ಲಿ ಮೊದಲು ಕಾಣುತ್ತಿದ್ದದ್ದು ಮಡಿಸಿಟ್ಟ ಕಂದು, ಬೂದು ಹೊದಿಕೆಗಳ ರಾಶಿ. ಅದರ ಪಕ್ಕದಿಂದ ಕೆಂಪು ಕೆನ್ನೆಯ ರೊಸಾಲ್ಬಾ ಇಣುಕುತ್ತಿದ್ದಳು. ಮೊದಲ ದಿನವೇ, ಕೇಳದೆ, ಸಂಕೋಚಪಡದೆ, ಅವಳು 'ತೂ' ಎಂದಳು.

ನಮ್ಮ ಕಡೆ ಮಾತು ಶುರುವಾಗುವುದು ಊಟ ಆಯ್ತಾ ಎಂದು, ಹಸಿದಿದ್ದಾರೋ ಇಲ್ಲವೋ ಯಾರಿಗೂ ಅದಲ್ಲ ಮುಖ್ಯ ಎಂದು ಚೂಡಾಮಣಿ ಹೇಳಿಕೊಟ್ಟಿದ್ದಳು. ರೊಸಾಲ್ಬಾಗೆ ಅದು ಬಹಳ ಹಿಡಿಸಿತು. ಪ್ರತಿ ವಾರ, "ಯಾ ಕೊಮಿಸ್ತೆ?" ಎಂದೇ ಶುರು ಮಾಡುತ್ತಿದ್ದಳು. ಊಟ ಮಾಡಿದೆಯಾ? ಆ ಪ್ರಶ್ನೆಯ ಕೊನೆಯಲ್ಲಿ ನೀನು ಇತ್ತು. ಚೂಡಾಮಣಿ ಒಂದು ಗುರುವಾರದಿಂದ ಇನ್ನೊಂದು ಗುರುವಾರಕ್ಕೆ ಅದನ್ನು ಬಾಯಲ್ಲಿಟ್ಟುಕೊಂಡು ಕಲ್ಲುಸಕ್ಕರೆಯಂತೆ ಕರಗಿಸುತ್ತಿದ್ದಳು. ಉತ್ತರವಾಗಿ ತಾನೂ ತೂ ಎನ್ನಲು ನಾಲಿಗೆ ಏಳದೆ, ಒಬ್ಬಳೇ ಬಾಲ್ಕನಿಯಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದಳು.

ಕೆಳಗೆ ಅಂಗಳದಲ್ಲಿ ರಾಗಿ ಕೇರುತ್ತಿದ್ದ ಓನರ್ ಹೆಂಡತಿ ನಾರಾಯಣಮ್ಮ ಒಂದು ದಿನ ತಡೆಯಲಾರದೆ ಕೇಳಿದಳು. ಯಡಿಯೂರಿನಲ್ಲಿ ಹೊಲವಿದ್ದ ಕಾಲದಿಂದಲೂ ಅವಳ ದನಿ ಹೊಲ ದಾಟುವಷ್ಟು ದೊಡ್ಡದು.

"ಏನ್ ಮೇಡಮ್ಮಾರೇ, ದಿನಾ ಸಾಯಂಕಾಲ ಮೇಲೆ ನಿಂತ್ಕಂಡು ಥೂ ಥೂ ಅಂತ ಯಾರ್ಗ್ ಉಗೀತಿರ್ತೀರಿ? ನಮ್ ಯಜಮಾನ್ರು ಹೆದ್ರುಕೊಂಡವ್ರೆ, ಬಾಡ್ಗೆ ಜಾಸ್ತಿ ಮಾಡಿದ್ದುಕ್ಕೆ ಅಂತ!"

"ಅಯ್ಯೋ, ಉಗಿಯೋದಲ್ರೀ ಅದು. ಅವರ ಭಾಷೇಲಿ ನೀನು ಅಂತ ಅರ್ಥ."

"ನೀನು ಅನ್ನಕ್ಕೆ ಥೂ ಅನ್ಬೇಕಾ? ಚೆನ್ನಾಗೈತೆ ಬಿಡಿ ಅವ್ರ ಭಾಸೆ. ಇನ್ನು ಬೈಯೋಕೆ ಏನಂತಾರೋ, ಸ್ವಾಮಿ ಅಂತಾರೇನೋ!" ನಾರಾಯಣಮ್ಮ ಮೊರ ಕೆಳಗಿಟ್ಟು ನಕ್ಕಳು. ಮೇಲೆ ಚೂಡಾಮಣಿಯೂ ನಕ್ಕಳು. ಬೋರಣ್ಣ ಒಳಗಿನಿಂದ, "ಏನಂತೆ, ಏನಂತೆ?" ಎಂದು ಕೂಗುತ್ತಿದ್ದ.

ಭೂತಕಾಲ ಕೈಗೆ ಬಂದ ಮೇಲೆ ಹೇಳಬಹುದಾದ ಸಂಗತಿಗಳು ಹೆಚ್ಚಾದವು. ಒಂದು ಗುರುವಾರ ರೊಸಾಲ್ಬಾ, ನಿನ್ನ ಜೊತೆ ಯಾರಿದ್ದಾರೆ ಎಂದು ಕೇಳಿದಳು. ಚೂಡಾಮಣಿ ಅಕ್ಕನ ವಿಷಯ ಹೇಳತೊಡಗಿದಳು. ಆಸ್ಪತ್ರೆಯಲ್ಲಿ ಗಿರಿಜಾದೇವಿ ಕೊನೆಯದಾಗಿ ಆಡಿದ ಮಾತು ದೊಡ್ಡದೇನಲ್ಲ. "ಇಲ್ಲಿ ಸೊಳ್ಳೆ ಜಾಸ್ತಿ ಚೂಡಿ, ನೀನು ಮನೆಗೆ ಹೋಗು." ಅಷ್ಟೇ. ಇವಳು ಮನೆಗೆ ಹೋದಳು. ಬೆಳಗ್ಗೆ ಫೋನು ಬಂತು.

ಅದನ್ನು ಹೇಳಲು ಹೋಗಿ ಸೊಳ್ಳೆ ಎಂಬ ಪದಕ್ಕೆ ತಡವರಿಸಿದಳು. ಕೈಬೆರಳನ್ನು ಮುಖದ ಸುತ್ತ ಹಾರಿಸಿ ಗುಂಯ್ ಎಂದು ಸದ್ದು ಮಾಡಿ ತೋರಿಸಿದಳು.

"ಮೊಸ್ಕೀತೋ!" ಎಂದು ಕೂಗಿದಳು ರೊಸಾಲ್ಬಾ.

ಇಂಗ್ಲಿಷ್ ಟೀಚರಮ್ಮ ಅಷ್ಟು ವರ್ಷ ಬೋರ್ಡಿನ ಮೇಲೆ ಕಾಗುಣಿತ ತಿದ್ದಿದ್ದ ಪದವೇ ಅದು, ಮೂಲದಲ್ಲಿ ಸ್ಪ್ಯಾನಿಷಿನ ಮನೆಯದೇ. ಇಬ್ಬರೂ ನಕ್ಕರು. ನಗುತ್ತಿದ್ದಂತೆಯೇ ಚೂಡಾಮಣಿಯ ಕಣ್ಣಿಂದ ನೀರಿಳಿಯಿತು. ಅಕ್ಕ ಹೋದಾಗ ಬಂದವರ ಮುಂದೆ ಬಾರದ್ದು, ತೊಡಕು ಬಿದ್ದ ಸ್ಪ್ಯಾನಿಷಿನಲ್ಲಿ ಬಂತು. ಅಲ್ಲಿ ಅಂಗಡಿಗೆ ಯಾರೋ ಬಂದರು. ರೊಸಾಲ್ಬಾ ಅವರನ್ನು ಕೈಸನ್ನೆಯಲ್ಲೇ ಹೊರಗೆ ನಿಲ್ಲಿಸಿ, ಇವಳು ಸುಮ್ಮನಾಗುವವರೆಗೂ ಪರದೆಯ ಹತ್ತಿರ ಮುಖವಿಟ್ಟುಕೊಂಡು ಕೂತಿದ್ದಳು.

ಮುಂದಿನ ಗುರುವಾರ ಚೂಡಾಮಣಿ ಫೋನಿನ ಮುಂದೆ ಬೇಗನೆ ಕೂತಳು. ಮುಖ ತೊಳೆದು ಬೇರೆ ಸೀರೆ ಉಟ್ಟಿದ್ದಳು. ರೊಸಾಲ್ಬಾ ಬಂದಳು, ನಕ್ಕಳು.

"ಯಾ ಕೊಮಿಯೋ?"

ಚೂಡಾಮಣಿಗೆ ತಕ್ಷಣ ತಿಳಿಯಲಿಲ್ಲ. ಆ ಕ್ರಿಯಾರೂಪ ಅವನು, ಅವಳು ಎನ್ನುವಾಗಲೂ ಬರುತ್ತದೆ. ಊಟ ಮಾಡಿದಳಾ ಎಂದು ಯಾರ ಬಗ್ಗೆ ಕೇಳುತ್ತಿದ್ದಾಳೆ? ಅಕ್ಕನ ಬಗ್ಗೆಯಾ?

"ಯಾರು?" ಎಂದಳು.

"ಉಸ್ತೆದ್," ಎಂದಳು ರೊಸಾಲ್ಬಾ. ನೀವು.

ಆ ದಿನ ಪೂರ್ತಿ ಅದೇ. ನೀವು ಹೇಗಿದ್ದೀರಿ, ನಿಮ್ಮ ಮನೆ, ನಿಮ್ಮ ಊರು. ಒಂದು ಸಲವೂ ತೂ ಬರಲಿಲ್ಲ. ಚೂಡಾಮಣಿ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ಫೋನಿಟ್ಟ ಮೇಲೆ ದೀಪದ ಮುಂದೆ ಕೂತು ಯೋಚಿಸಿದಳು. ಅತಿಯಾಯಿತು ತನ್ನದು. ಮಾತು ಕಲಿಯೋಣ ಎಂದು ಬಂದವಳ ಮುಂದೆ ಅತ್ತುಕೊಂಡರೆ ಯಾರು ತಾನೇ ಹಿಂದೆ ಸರಿಯುವುದಿಲ್ಲ?

ನೀನುವಿನಿಂದ ನೀವುಗೆ ಹೋಗುವುದು ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ವರ್ಷದ ಹಿಂದೆ, ಮನೆ ಬದಲಾಯಿಸುವ ವಿಷಯಕ್ಕೆ ಜಗಳವಾದಾಗ ಗಿರಿಜಾದೇವಿ, "ನೀವು ತಿಳಿದವರು, ನಿಮಗೆ ಹೇಗೆ ಬೇಕೋ ಹಾಗೆ ಮಾಡಿ" ಎಂದಿದ್ದಳು. ಆ ವಾರವಿಡೀ ಮನೆಯಲ್ಲಿ ಕಾಫಿ ತಗೊಳ್ಳಿ, ದೀಪ ಆರಿಸಿ, ಬಾಗಿಲು ಹಾಕಿಕೊಳ್ಳಿ. ಕೊನೆಗೆ ಒಂದು ಬೆಳಗ್ಗೆ ಅಕ್ಕ, "ಲೇ, ಆ ಒಗ್ಗರಣೆ ಸೀದುಹೋಯ್ತು ನೋಡೇ" ಎಂದಾಗ ಇವಳು ಸೀದ ಒಗ್ಗರಣೆಯನ್ನು ನೋಡಿ ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ.

ಸೋಮವಾರ ತರಗತಿ ಮುಗಿದ ಮೇಲೆ ಶರ್ವಾಣಿಯ ಮೇಜಿನ ಹತ್ತಿರ ನಿಂತಳು.

"ಒಂದು ಡೌಟು. ತೂ ಅಂತಿದ್ದವರು ಇದ್ದಕ್ಕಿದ್ದಂಗೆ ಉಸ್ತೆದ್ ಅಂದ್ರೆ ಏನರ್ಥ?"

"ಜಗಳ ಆಗಿದೆ ಅಂತರ್ಥ," ಎಂದಳು ಶರ್ವಾಣಿ ಬೋರ್ಡು ಒರೆಸುತ್ತ. "ನಾನಿದ್ದ ಮನೆಯ ಓನರಮ್ಮ ಹಾಗೇ ಮಾಡ್ತಿದ್ಲು. ನಾನು ಬಾತ್‌ರೂಮಲ್ಲಿ ಜಾಸ್ತಿ ನೀರು ಖರ್ಚು ಮಾಡಿದ್ರೆ ಉಸ್ತೆದ್. ನಮ್ಮಲ್ಲಿದ್ದ ಹಾಗೇನೇ ಮೇಡಂ. ಯಾಕೆ?"

"ಏನಿಲ್ಲ. ಪುಸ್ತಕದಲ್ಲಿ ಬಂದಿತ್ತು."

ನಮ್ಮಲ್ಲಿದ್ದ ಹಾಗೇನೇ. ಕನ್ನಡ ಅವಳನ್ನು ಅಲ್ಲಿಯವರೆಗೆ ದಾಟಿಸಿತ್ತು, ಇದನ್ನೂ ಅದೇ ಹೇಳಿತು. ಮತ್ತೊಂದು ಗುರುವಾರ ಹೇಗೋ ಕಳೆಯಿತು. ರೊಸಾಲ್ಬಾಳ ನಗುವಿನಲ್ಲಿ, ಹೊದಿಕೆ ಮಡಿಸುವ ಕೈಯಲ್ಲಿ ಅವಳು ಬೇಸರ ಹುಡುಕಿದಳು, ಹುಡುಕಿದವರಿಗೆ ಸಿಗದಿರುತ್ತದೆಯೇ? ಆಮೇಲೆ ಒಂದು ಬುಧವಾರ ಮಧ್ಯಾಹ್ನ ಕೂತು, ಪುಸ್ತಕದ ಹಿಂದಿನ ಪುಟಗಳ ಮಾದರಿ ನೋಡಿಕೊಂಡು, ಬಹುವಚನದ ಮರ್ಯಾದೆಯೆಲ್ಲ ಸುರಿದು ಒಂದು ಸಂದೇಶ ಬರೆದಳು. ತಾವು ನೀಡಿದ ಸಮಯಕ್ಕೆ ಕೃತಜ್ಞತೆಗಳು. ಇನ್ನು ಮುಂದೆ ತಮಗೆ ತೊಂದರೆ ಕೊಡಲಾರೆ. ತಮ್ಮ ಇಂಗ್ಲಿಷಿಗೆ ಒಳ್ಳೆಯ ಜೊತೆಗಾರರು ಸಿಗಲಿ. ಒಂದೂ ತಪ್ಪಿರಲಿಲ್ಲ. ಕಳಿಸಿ, ಫೋನು ಸೈಲೆಂಟಿಗೆ ಹಾಕಿದಳು.

ಮರುದಿನ ಗುರುವಾರ ಸಂಜೆ ಮನೆಯೊಳಗೆ ಇರಲಾಗಲಿಲ್ಲ. ಫೋನನ್ನು ಒಳಗೇ ಬಿಟ್ಟು ಕೆಳಗಿಳಿದಳು. ನಾರಾಯಣಮ್ಮ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ಇದೇನ್ ಮೇಡಮ್ಮಾರೇ, ಇವತ್ತು ಥೂ ಥೂ ಇಲ್ವಾ?"

"ಇಲ್ಲ. ಬಿಟ್ಟುಬಿಟ್ಟೆ."

ನಾರಾಯಣಮ್ಮ ಅವಳ ಮುಖ ನೋಡಿದಳು. ಸರಿದು ಜಾಗ ಮಾಡಿಕೊಟ್ಟಳು. "ಕೂತ್ಕಳ್ಳಿ. ಕಾಯಿ ಬಿಡ್ಸಿ, ಕೈಗೆ ಕೆಲ್ಸ ಆಯ್ತದೆ. ಅವ್ಳು ಬೈದ್ಲಾ?"

"ಬೈದಿದ್ರೆ ಚೆನ್ನಾಗಿತ್ತು ನಾರಾಯಣಮ್ಮನವರೇ. ಮರ್ಯಾದೆ ಕೊಟ್ಲು."

"ಓ," ಎಂದಳು ನಾರಾಯಣಮ್ಮ, ಅರ್ಥವಾಗದಿದ್ದರೂ. ಇಬ್ಬರೂ ಅವರೆಕಾಯಿ ಬಿಡಿಸಿದರು. ಸೊಗಡಿನಿಂದ ಬೆರಳು ಅಂಟಂಟಾಯಿತು. ರಸ್ತೆಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಕತ್ತಲಾದ ಮೇಲೆ ನಾರಾಯಣಮ್ಮ ಒಂದು ಬಟ್ಟಲು ಕಾಳು ಕೊಟ್ಟು, "ಒಬ್ರಿಗೆ ಇಷ್ಟು ಸಾಕಲ್ವಾ" ಎಂದಳು. ಸಾಕಾಗಿತ್ತು.

ಶುಕ್ರವಾರ ಬೆಳಗ್ಗೆ ಬಾಗಿಲಿಗೆ ರಂಗೋಲಿ ಎಳೆದು ಒಳಗೆ ಬಂದರೆ ಮೇಜಿನ ಮೇಲೆ ಫೋನು ಬೆಳಗಿ ಆರುತ್ತಿತ್ತು. ರೊಸಾಲ್ಬಾ. ತೆಗೆಯಬಾರದು ಎಂದುಕೊಂಡೇ ತೆಗೆದಳು. ಅಲ್ಲಿ ಹಿಂದಿನ ದಿನದ ಸಂಜೆ ಮುಗಿದು ಅಂಗಡಿ ಮುಚ್ಚಿತ್ತು. ಹೊದಿಕೆಗಳ ರಾಶಿಯ ಬದಲು ಒಂದು ಅಡುಗೆಮನೆ ಕಂಡಿತು, ಒಲೆ, ನೇತುಹಾಕಿದ ಕರಿ ಬಾಣಲೆ.

"ಏನಿದು ನೀವು ಬರೆದದ್ದು?" ರೊಸಾಲ್ಬಾಳ ಕೆನ್ನೆ ಎಂದಿಗಿಂತ ಕೆಂಪಾಗಿತ್ತು. "ನಾನೇನು ಮಾಡಿದೆ? ನಿನ್ನೆಯಿಂದ ಓದಿ ಓದಿ ಸಾಕಾಯಿತು. ವಕೀಲರು ಬರೆದ ಹಾಗಿದೆ!"

ಚೂಡಾಮಣಿಗೆ ವ್ಯಾಕರಣವೆಲ್ಲ ಮರೆತುಹೋಯಿತು. ಕಾಲ, ಲಿಂಗ ಒಂದನ್ನೂ ನೋಡದೆ ಕೇಳಿಬಿಟ್ಟಳು. "ನೀವು ನನಗೆ ಯಾಕೆ ಉಸ್ತೆದ್? ಮೊದಲು ತೂ. ಅಕ್ಕನ ಮಾತು ಹೇಳಿದೆ, ಅತ್ತುಬಿಟ್ಟೆ. ಆಮೇಲೆ ಉಸ್ತೆದ್. ನನ್ನದು ತಪ್ಪು. ಅಳಬಾರದಿತ್ತು."

ರೊಸಾಲ್ಬಾ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು.

"ಅಯ್ಯೋ ದೇವರೇ. ತೂ ಅನ್ನೋದು ಅಂಗಡಿಗೆ ಬಂದವರಿಗೆ! ಪ್ರವಾಸಿಗಳಿಗೆ, ರೇಡಿಯೋದಲ್ಲಿ ಮಾತಾಡೋರಿಗೆ, ಸರಿಯಾಗಿ ಗೊತ್ತಿಲ್ಲದವರ ಹತ್ತಿರ ನಾಜೂಕಾಗಿರಬೇಕಲ್ಲ, ಅದಕ್ಕೆ. ನಮ್ಮ ಬೆಟ್ಟದಲ್ಲಿ ಮನೆಯವರಿಗೆ ಉಸ್ತೆದ್. ನನ್ನಮ್ಮ ನನ್ನನ್ನ ಹೆತ್ತ ದಿನದಿಂದ ಉಸ್ತೆದ್ ಅಂದಳು. ಗಂಡನಿಗೆ ಉಸ್ತೆದ್. ಕನೇಲೋಗೂ ಉಸ್ತೆದ್."

"ಕನೇಲೋ ಯಾರು?"

ರೊಸಾಲ್ಬಾ ಫೋನನ್ನು ಕೆಳಗೆ ತಿರುಗಿಸಿದಳು. ಒಲೆಯ ಪಕ್ಕದಲ್ಲಿ ದಾಲ್ಚಿನ್ನಿ ಬಣ್ಣದ ಮುದಿ ನಾಯಿಯೊಂದು ಮಲಗಿತ್ತು. "ಕನೇಲೋ, ನೀವು ಸ್ವಲ್ಪ ತಲೆ ಎತ್ತಿ, ಬೆಂಗಳೂರಿನವರು ನೋಡ್ತಿದ್ದಾರೆ!" ನಾಯಿ ಒಂದು ಕಣ್ಣು ತೆರೆದು ಮುಚ್ಚಿತು.

ಚೂಡಾಮಣಿ ನಕ್ಕಳು. ನಗಬೇಕೆಂದು ನಕ್ಕದ್ದಲ್ಲ, ಬಂದುಬಿಟ್ಟಿತು. ಪರದೆ ಮತ್ತೆ ಮೇಲೆ ಬಂದಾಗ ರೊಸಾಲ್ಬಾ ನಗುತ್ತಿರಲಿಲ್ಲ.

"ತನ್ನ ಸತ್ತವರ ಮಾತು ನನ್ನ ಹತ್ತಿರ ಹೇಳಿದವಳನ್ನ ಗಿರಾಕಿಯ ಹಾಗೆ ತೂ ಅಂತ ಹೇಗೆ ಕರೀಲಿ? ನಾನು ಯೋಚಿಸಿ ಬದಲಾಯಿಸಿದ್ದಲ್ಲ. ಮಾರನೇ ವಾರ ಬಾಯಿಗೆ ತಾನಾಗಿ ಬಂತು."

ಬೆಳಗಿನ ಬಿಸಿಲು ಮೇಜಿನ ಅಂಚಿಗೆ ಬಂದಿತ್ತು. ಚೂಡಾಮಣಿಗೆ ಎಲ್ಲವೂ ಅರ್ಥವಾಯಿತು. ಅರ್ಥವಾದರೂ ಕಿವಿ ಒಪ್ಪಲಿಲ್ಲ. ಇಷ್ಟು ಹೊತ್ತು ಕೇಳಿದ ಒಂದೊಂದು ಉಸ್ತೆದ್ದೂ ಅವಳೊಳಗೆ ಇಳಿಯುವಾಗ ನೀವು ಆಗಿಯೇ ಇಳಿಯುತ್ತಿತ್ತು, ಆಫೀಸಿನ ಬಾಗಿಲಲ್ಲಿ ನಿಲ್ಲಿಸಿ ಮಾತಾಡಿದಂತೆ. ರೊಸಾಲ್ಬಾ ಅದನ್ನು ಮುಖದಲ್ಲೇ ಕಂಡಿರಬೇಕು.

"ನಿಮಗೆ ನೋವಾಗುವುದಾದರೆ ತೂ ಅಂತಲೇ ಅನ್ನುತ್ತೇನೆ," ಎಂದಳು. "ನನಗೇನು, ದಿನಾ ನೂರು ಜನಕ್ಕೆ ಅನ್ನುತ್ತೇನೆ. ಹೇಳಿ, ಯಾವುದು ಬೇಕು?"

ಯಾವುದು ಬೇಕು. ಹೂಂ ಎಂದರೆ ಸಾಕಿತ್ತು. ಗುರುವಾರದಿಂದ ಗುರುವಾರಕ್ಕೆ ಬಾಯಲ್ಲಿ ಕರಗಿಸಿಕೊಂಡ ಆ ಪುಟ್ಟ ಪದ ಮತ್ತೆ ಸಿಗುತ್ತಿತ್ತು, ಕೇಳಿದ ತಕ್ಷಣ ಎದೆ ಬೆಚ್ಚಗಾಗುತ್ತಿತ್ತು. ಆದರೆ ಅದನ್ನು ಹೇಳುವಾಗ ಆ ಕಡೆಯ ಬಾಯಿಗೆ ಅಂಗಡಿಯ ನಾಜೂಕಷ್ಟೇ ಇರುತ್ತದೆಂದು ಈಗ ಗೊತ್ತಾಗಿಹೋಗಿತ್ತು. ಗೊತ್ತಾದದ್ದನ್ನು ಮರೆಯುವುದು ಹೇಗೆ? ತನಗೆ ಬೇಕಾದ ಸದ್ದು ಒಂದು ಕಡೆ, ಅವಳು ಕೊಡುತ್ತಿರುವ ಸಲುಗೆ ಇನ್ನೊಂದು ಕಡೆ. ಎರಡೂ ಒಂದೇ ಪದದಲ್ಲಿ ಸಿಗುವ ಭಾಷೆ ಅವಳಿಗೆ ಕನ್ನಡ ಒಂದೇ ಇತ್ತು, ಅದರಲ್ಲಿ ಅವಳನ್ನು ನೀನು ಅನ್ನುವವರು ಇರಲಿಲ್ಲ.

"ಬೇಡ," ಎಂದಳು. "ಉಸ್ತೆದ್ ಅನ್ನಿ. ನಾನು ಕಲಿಯುತ್ತೇನೆ."

"ಹಾಗಾದರೆ ಗುರುವಾರ ಬರುತ್ತೀರಾ?"

"ಬರುತ್ತೇನೆ."

ಕಲಿಯುವುದು ಅಂದುಕೊಂಡಷ್ಟು ಬೇಗ ಆಗಲಿಲ್ಲ. ಮಾಘ ಕಳೆಯಿತು. ಶರ್ವಾಣಿಗೆ ವಿಷಯ ಹೇಳಿದಾಗ ಅವಳು ಕಣ್ಣರಳಿಸಿ, "ನಂಗೆ ಗೊತ್ತೇ ಇರ್ಲಿಲ್ಲ ಮೇಡಂ, ನಾನು ಸ್ಪೇನ್ ಕಡೆಯವಳು" ಎಂದಳು. ಬನಶಂಕರಿ ಕಡೆಯವಳು ಎಂದಷ್ಟೇ ಸಲೀಸಾಗಿ ಹೇಳಿದ್ದಕ್ಕೆ ಇಬ್ಬರೂ ನಕ್ಕರು. ಮನೋಜ್ ತನ್ನ ಹೆಂಡತಿಗೆ ಈ ಕೊಲಂಬಿಯಾದ ವಿಷಯ ಹೇಳಲೇಬೇಕು ಎಂದ. ಇನ್ನು ಮೇಲೆ ನೀವು ಅಂದರೆ ಪ್ರೀತಿ ಅಂತಲೇ ತಿಳಿದುಕೊಳ್ಳುತ್ತಾನಂತೆ. ಚೂಡಾಮಣಿ ಪ್ರತಿ ಗುರುವಾರ ಕೂತಳು. ರೊಸಾಲ್ಬಾ ಪ್ರತಿ ಸಲ ಉಸ್ತೆದ್ ಎಂದಳು. ಪ್ರತಿ ಸಲವೂ ಅದು ಒಂದು ಕ್ಷಣ ತಣ್ಣಗೆ ಬಂದು ತಾಗುತ್ತಿತ್ತು. ಆಮೇಲೆ ಅವಳು ಬುದ್ಧಿ ಹೇಳಿಕೊಂಡು ಅದನ್ನು ಬಿಸಿ ಮಾಡಿಕೊಳ್ಳಬೇಕಾಗುತ್ತಿತ್ತು. ಕೆಲವು ದಿನ ಬಿಸಿಯಾಗುತ್ತಿತ್ತು. ಕೆಲವು ದಿನ ಇಲ್ಲ.

ಅಂಥದ್ದೊಂದು ಗುರುವಾರ, ಅಂಗಡಿಗೆ ಯಾರೋ ಬಂದರೆಂದು ರೊಸಾಲ್ಬಾ ಬೇಗ ಮಾತು ಮುಗಿಸಿ, ಏಳುತ್ತ ಏಳುತ್ತ ಅಂದಳು: "ಕುಯಿದೆಸೆ."

ಪರದೆ ಕಪ್ಪಾಯಿತು. ಚೂಡಾಮಣಿ ಹಳೆಯ ಅಭ್ಯಾಸದಂತೆ ಮನಸ್ಸಿನಲ್ಲೇ ಅನುವಾದ ಮಾಡಿದಳು. ಉಸ್ತೆದ್ ರೂಪ, ವಿಧ್ಯರ್ಥ. ಹುಷಾರಾಗಿರಿ. ಪುಸ್ತಕದ ಪ್ರಕಾರ ಅದೇ ಸರಿ, ಯಾವ ಪರೀಕ್ಷೆಯಲ್ಲೂ ಪೂರ್ಣ ಅಂಕ. ಅವಳು ಸ್ವಲ್ಪ ಹೊತ್ತು ಆ ವಾಕ್ಯದ ಮುಂದೆ ಕೂತಿದ್ದಳು. ಆಮೇಲೆ ಕೊನೆಯ ಆ 'ಇರಿ' ತಪ್ಪು ಅನ್ನಿಸಿತು.

"ಹುಷಾರಾಗಿರು," ಎಂದಳು, ಗಟ್ಟಿಯಾಗಿ.

ಕೋಣೆಯಲ್ಲಿ ಆ ಮಾತು ನಿಂತಿತು. ಕೆಳಗಿನ ಮನೆಯಲ್ಲಿ ಟಿವಿ ಓಡುತ್ತಿತ್ತು. ಯಾರೂ ಏನೂ ಹೇಳದಿದ್ದಾಗ, "ಹೂಂ," ಎಂದು ತಾನೇ ಹೇಳಿ, ಅಕ್ಕಿ ತೊಳೆಯಲು ಎದ್ದಳು.